ಉಪಾಧ್ಯರ ಗಾಡಿಯ ಹಳದಿ ದೀಪ

ನನ್ನ ತಂಗಿಯ ಮಗಳು ದೀಕ್ಷಾ ಈ ವರ್ಷ ವಾಹನ ರಿಪೇರಿಯ ಡಿಪ್ಲೊಮಾ ಮುಗಿಸಿ ಠಾಣೆಯ ಒಂದು ಸರ್ವಿಸ್ ಸೆಂಟರಿಗೆ ಸೇರಿದಳು. ಸೇರುವ ಹಿಂದಿನ ದಿನ ಪೇಡೆಯ ಪೊಟ್ಟಣ ಹಿಡಿದುಕೊಂಡು ಡೊಂಬಿವಲಿಯ ನಮ್ಮ ಮನೆಗೆ ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಾಮಾ, ಇತ್‌ನೇ ಸಾಲ್ ಗಾಡಿಯೋಂ ಕಾ ಕಾಮ್ ಕಿಯಾ. ಕುಛ್ ತೋ ಸಿಖಾವೋ" ಎಂದಳು. ನಾನು ಹಿರಿಯನ ಗತ್ತಿನಲ್ಲಿ ನಾಲ್ಕು ಮಾತು ಹೇಳಿದೆ. ಕೈಯ ಉಂಗುರ ತೆಗೆದಿಡು. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆರೆಯಬೇಡ. ಬರೀ ಜಾಕ್ ನಂಬಿ ಗಾಡಿಯ ಅಡಿಗೆ ಹೋಗಬೇಡ. ಅವಳು ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡು, ಕಾಲಿಗೆ ನಮಸ್ಕಾರ ಮಾಡಿ ಹೋದಳು.

ಬಾಗಿಲು ಹಾಕಿ ಬಂದ ನನ್ನ ಹೆಂಡತಿ ವಾರಿಜ, "ಹೇಳಬೇಕಾದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದಿರಿ" ಎಂದಳು.

ಅವಳು ಯಾವುದನ್ನು ಹೇಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಲು ಆಗಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ದೀಕ್ಷಾಳಿಗೆ ವಾರಿಜ ಓದಿ ಹೇಳಲಿ. ಈ ಕಸುಬಿಗೆ ಹೊಸದಾಗಿ ಬರುವ ಬೇರೆಯವರ ಕಣ್ಣಿಗೂ ಬಿದ್ದರೆ ಒಳ್ಳೆಯದು.

ನನ್ನ ಊರು ಕಾಪುವಿನ ಹತ್ತಿರ. ಡೊಂಬಿವಲಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ ದೊಡ್ಡಪ್ಪನ ಕೈಕೆಳಗೆ ದುಡಿಯಲೆಂದು ಬಂದವನು ನಾನು. ಹಿಟ್ಟು ರುಬ್ಬುವ ಗ್ರೈಂಡರ್ ನಿಂತರೆ ನನಗೆ ಹಬ್ಬ. ಅದನ್ನು ಬಿಚ್ಚಿ ಜೋಡಿಸುವವರೆಗೆ ಗಲ್ಲೆಯ ಕಡೆ, ಟೇಬಲ್ಲಿನ ಕಡೆ ಯಾರು ಕೂಗಿದರೂ ಕೇಳುತ್ತಿರಲಿಲ್ಲ. ಕಡೆಗೆ ದೊಡ್ಡಪ್ಪನೇ, "ಇವನಿಗೆ ಇಡ್ಲಿಗಿಂತ ಬೋಲ್ಟು ರುಚಿ" ಎಂದು ಠಾಣೆಯ ಒಂದು ದೊಡ್ಡ ವರ್ಕ್‌ಶಾಪಿಗೆ ಸೇರಿಸಿದರು. ಅಲ್ಲಿ ನಾನು ಯಾವಾಗ ಏನಾದೆ ಎಂಬ ಲೆಕ್ಕ ಯಾರಿಗೂ ಬೇಡ. ಅಲ್ಲಿದ್ದ ಜಾಧವ್ ಮಾಸ್ತರರ ವಿಷಯ ಮಾತ್ರ ಹೇಳುತ್ತೇನೆ.

ಜಾಧವ್ ಮಾಸ್ತರರು ನಮ್ಮ ಫೋರ್ಮನ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. ಒಳಗೆ ಯಾವ ಬೇರಿಂಗ್ ಸವೆದಿದೆ ಎಂದು ಅಲ್ಲಿಂದಲೇ ಹೇಳುತ್ತಿದ್ದರು. ನನಗೆ ಕೆಲಸ ಕಲಿಸಿದ್ದು ಅವರೇ. ಅಷ್ಟರಲ್ಲಿ ಕಂಪ್ಯೂಟರ್ ಇರುವ ಗಾಡಿಗಳು ಬಂದವು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಆಕಾರದ ಒಂದು ಹಳದಿ ದೀಪ. ಎಲ್ಲೋ ಏನೋ ಸರಿಯಿಲ್ಲ ಎಂದು ಗಾಡಿಗೆ ಅನಿಸಿದಾಗ ಅದು ಹತ್ತುತ್ತದೆ. ಸ್ಕ್ಯಾನರ್ ಎಂಬ ಕೈಯಗಲದ ಯಂತ್ರ ಜೋಡಿಸಿದರೆ ಒಂದು ಕೋಡ್ ಕಾಣಿಸುತ್ತದೆ. ಗುಂಡಿ ಒತ್ತಿದರೆ ಕೋಡ್ ಅಳಿಸಿಹೋಗುತ್ತದೆ, ದೀಪವೂ ಆರುತ್ತದೆ. ಹೊಸಬರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಆ ಕೋಡ್ ಗಾಡಿಯ ದೂರು, ಅಷ್ಟೇ. ಹೊಟ್ಟೆನೋವು ಎಂದ ರೋಗಿಗೆ ಹೊಟ್ಟೆಯನ್ನೇ ಬದಲಿಸುವ ಡಾಕ್ಟರ್ ಎಲ್ಲಿಯೂ ಇಲ್ಲ. ನಾವು ಮೆಕ್ಯಾನಿಕರು ಮಾತ್ರ ಯಾವ ಸೆನ್ಸರಿನ ಹೆಸರು ಬಂತೋ ಅದನ್ನೇ ಕಿತ್ತು ಹೊಸದು ಹಾಕುತ್ತೇವೆ.

ಸ್ಕ್ಯಾನರಿನ ತರಬೇತಿಗೆ ವರ್ಕ್‌ಶಾಪಿನವರು ನನ್ನನ್ನು ಕಳಿಸಿದರು, ಮಾಸ್ತರರನ್ನು ಕಳಿಸಲಿಲ್ಲ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತರಬೇತಿ ಮುಗಿಸಿ ಬಂದ ವಾರವೇ ಒಬ್ಬ ವಕೀಲರ ಕಾರು ಬಂತು. ಹಳದಿ ದೀಪ. ನಾನು ಸ್ಕ್ಯಾನರ್ ಜೋಡಿಸಿ, ಇಂಥ ಸೆನ್ಸರ್ ಹೋಗಿದೆ ಎಂದೆ. ಮಾಸ್ತರರು ಬಾನೆಟ್ಟಿನೊಳಗೆ ತಲೆ ಹಾಕಿ ಮೂಸಿ ನೋಡಿ, "ಉಂದೀರ್ ಆಹೇ. ಇಲಿ ಬಂದು ಹೋಗಿದೆ. ವೈರ್ ನೋಡು ವಿಠಲ" ಎಂದರು. ಮ್ಯಾನೇಜರ್ ಪಕ್ಕದಲ್ಲೇ ಇದ್ದರು. ನಾನು ನಕ್ಕು, "ಮಾಸ್ತರ್, ಇದು ಮೂಸಿ ಹೇಳುವ ಗಾಡಿಯಲ್ಲ" ಎಂದೆ. ಸುತ್ತ ಇದ್ದವರೆಲ್ಲ ನಕ್ಕರು.

ಸೆನ್ಸರ್ ಬದಲಿಸಿದೆ. ನಾಲ್ಕನೆಯ ದಿನ ಗಾಡಿ ಮತ್ತೆ ಬಂತು, ದೀಪ ಹತ್ತಿಸಿಕೊಂಡೇ. ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ನಾನು ವೈರಿನ ಕಟ್ಟು ಬಿಚ್ಚಿ ನೋಡಿದೆ. ಇಲಿ ಕಡಿದ ಗುರುತು ಸ್ಪಷ್ಟವಾಗಿತ್ತು. ಜೋಡಿಸಿ, ಟೇಪು ಸುತ್ತಿ, ಮ್ಯಾನೇಜರಿಗೆ "ನಾನೇ ಹುಡುಕಿದೆ" ಎಂದು ವರದಿ ಕೊಟ್ಟೆ. ಮಾಸ್ತರರಿಗೆ ಗೊತ್ತಾಗಿತ್ತು. ಅವರು ನನ್ನ ಮುಖ ನೋಡಲಿಲ್ಲ. ಕೆಲವು ತಿಂಗಳಲ್ಲಿ ಅವರನ್ನು ಗಾಡಿ ತೊಳೆಯುವ ವಿಭಾಗದ ಉಸ್ತುವಾರಿಗೆ ಹಾಕಿದರು. ನನಗೆ ಅವರ ಕುರ್ಚಿ ಸಿಕ್ಕಿತು. ಅವರು ನಿವೃತ್ತರಾದ ದಿನ ಹಾರ ಹಾಕುವ ಸಾಲಿನಲ್ಲಿ ನಾನು ಹಿಂದೆ ಹಿಂದೆ ಸರಿದು ಕಡೆಗೆ ಹೊರಗೇ ನಿಂತೆ. ಆ ಮೇಲೆ ಅವರನ್ನು ನೋಡಲಿಲ್ಲ.

ವರ್ಕ್‌ಶಾಪ್ ಬಿಟ್ಟು ಡೊಂಬಿವಲಿಯಲ್ಲಿ, ಕಲ್ಯಾಣ–ಶಿಳ್ ರಸ್ತೆಯ ಹತ್ತಿರ, ಸ್ವಂತ ಗ್ಯಾರೇಜು ಹಾಕಿದೆ. ಎರಡು ಗಾಡಿ ನಿಲ್ಲುವಷ್ಟು ಜಾಗ. ಬರುವವರಲ್ಲಿ ಹೆಚ್ಚಿನವರು ಹಳೆಯ ಗಾಡಿಯವರು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ "ಇದನ್ನು ಮಾರಿಬಿಡಿ ಸಾರ್" ಎಂದು ಹೇಳಿಸಿಕೊಂಡು ಬೇಸತ್ತು ಬಂದವರು. ಹಳದಿ ದೀಪದ ಮೇಲೆ ಅವರಿಗೆಲ್ಲ ಒಂದೇ ಸಿಟ್ಟು. ಉಲ್ಲಾಸನಗರದ ಒಬ್ಬ ಬಟ್ಟೆ ವ್ಯಾಪಾರಿ ದೀಪ ಕಾಣದಂತೆ ಅದರ ಮೇಲೆ ಗಣಪತಿಯ ಸ್ಟಿಕರ್ ಅಂಟಿಸಿಕೊಂಡಿದ್ದ. "ಅಬ್ ಬಪ್ಪಾ ದೇಖ್ ಲೇಂಗೇ", ಇನ್ನು ಗಣಪತಿಯೇ ನೋಡಿಕೊಳ್ಳುತ್ತಾನೆ ಎಂದ. ನಾನು ವಾರಿಜಳ ಹತ್ತಿರ ಅದನ್ನು ಹೇಳಿ ಬಹಳ ನಕ್ಕಿದ್ದೆ. ಅವನು ಕಣ್ಣು ಮುಚ್ಚಿಕೊಂಡದ್ದು ತನ್ನ ಗಾಡಿಗೆ ತಾನೇ. ನಾನು ಮುಂದೆ ಮಾಡಿದ್ದರ ಎದುರು ಅದು ಏನೂ ಅಲ್ಲ.

ಶಹಾಡಿನಲ್ಲಿ ಹಳೆಯ ಗಾಡಿ ಮಾರಿಸುವ ಒಬ್ಬ ಏಜೆಂಟನಿದ್ದ. ಒಂದು ದಿನ ಅವನು ನನಗೆ ಒಂದು ಉಪಾಯ ತೋರಿಸಿದ. ಹಳದಿ ದೀಪದ ಬಲ್ಬ್ ಕಿತ್ತುಹಾಕಿದರೆ ಜಾಣ ಗಿರಾಕಿಗೆ ಗೊತ್ತಾಗುತ್ತದೆ, ಯಾಕೆಂದರೆ ಕೀ ತಿರುಗಿಸಿದಾಗ ಎಲ್ಲ ದೀಪಗಳೂ ಒಮ್ಮೆ ಹತ್ತಿ, ಎಂಜಿನ್ ಶುರುವಾದಾಗ ಆರಬೇಕು. ಹಾಗಾಗಿ ಹಳದಿ ದೀಪದ ವೈರನ್ನು ಕಂಪ್ಯೂಟರಿನಿಂದ ಕತ್ತರಿಸಿ ಪಕ್ಕದ ಆಯಿಲ್ ದೀಪದ ವೈರಿಗೆ ಜೋಡಿಸುವುದು. ಆಗ ಅದು ಹತ್ತಬೇಕಾದಾಗ ಹತ್ತಿ, ಆರಬೇಕಾದಾಗ ಆರುತ್ತದೆ. ಎಂಜಿನ್ನಿನ ದೂರು ಮಾತ್ರ ಎಂದೂ ಹೊರಗೆ ಬರುವುದಿಲ್ಲ. "ಸಫಾಯಿ ಕಾ ಕಾಮ್ ಹೈ ಅಣ್ಣಾ, ನಿಮ್ಮ ಕೈಯೇ ಬೇಕು" ಎಂದ. ನನ್ನ ಕೈ ಚೊಕ್ಕ ಎಂದು ಹೊಗಳಿದ್ದಕ್ಕೆ ಹಿಗ್ಗಿ ಅವನ ಎರಡು ಗಾಡಿಗಳಿಗೆ ಮಾಡಿಕೊಟ್ಟೆ. ಬೆಸುಗೆ ಎಷ್ಟು ನಯವಾಗಿ ಬಂತೆಂದರೆ ನನಗೇ ಖುಷಿಯಾಯಿತು. ಇನ್ನು ಮುಂದಿನದನ್ನು ಬರೆಯುವಾಗ ಮರೆತುಹೋಯಿತೆಂದು ನಟಿಸಲಾರೆ. ಒಂದೊಂದೂ ನೆನಪಿದೆ.

ಮಾಧವ ಉಪಾಧ್ಯರು ಉಡುಪಿಯ ಕಡೆಯವರು, ವಾಶಿಯ ಒಂದು ಕಚೇರಿಯಲ್ಲಿ ಇದ್ದು ನಿವೃತ್ತರಾಗಿದ್ದರು. ಮನೆ ಐರೋಲಿಯಲ್ಲಿ. ಅವರ ಹೆಂಡತಿ ಸುಮತಿಯಕ್ಕ ಪ್ರತಿ ಶನಿವಾರ ಡೊಂಬಿವಲಿಗೆ ಬಂದು ನಮ್ಮ ಕಡೆಯ ಹೆಂಗಸರಿಗೆ, ಮಕ್ಕಳಿಗೆ ಭಜನೆ ಕಲಿಸುತ್ತಿದ್ದರು. ವಾರಿಜ ಅವರ ಶಿಷ್ಯೆ. ಆ ಕ್ಲಾಸಿಗೆ ಹೋದ ದಿನ ವಾರಿಜ ಅಡುಗೆಮನೆಯಲ್ಲೂ ಹಾಡಿಕೊಂಡೇ ಇರುತ್ತಿದ್ದಳು. ಉಪಾಧ್ಯರು ಹೆಂಡತಿಯನ್ನು ಕ್ಲಾಸಿನಲ್ಲಿ ಇಳಿಸಿ ನನ್ನ ಗ್ಯಾರೇಜಿಗೆ ಬಂದು ಕೂರುತ್ತಿದ್ದರು. ಅವರ ಗಾಡಿ ಹದಿನೈದು ವರ್ಷ ಹಳೆಯದು, ಆದರೂ ಒಳಗೆ ಒಂದು ಕಸಕಡ್ಡಿ ಇರುತ್ತಿರಲಿಲ್ಲ.

"ವಿಠಲ, ಇದೊಂದು ಹಳದಿ ದೀಪ ಬಂದಿದೆ ಮಾರಾಯ. ಎಂತದು ನೋಡು" ಎಂದರು ಮೊದಲ ಸಲ.

ಸ್ಕ್ಯಾನರ್ ಹಾಕಿದೆ. ಎಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂಬ ದೂರು. ಕೋಡ್ ಅಳಿಸಿ ಕಳಿಸಿದೆ. ಎರಡು ವಾರಕ್ಕೆ ದೀಪ ಮತ್ತೆ ಬಂತು. ಹೊಗೆಯ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಬದಲಿಸಿದೆ. ಮೂರು ವಾರ ಸುಮ್ಮನಿತ್ತು, ಮತ್ತೆ ಬಂತು. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳನ್ನು ತೊಳೆದೆ. ಮತ್ತೆ ಬಂತು.

ಇಂಥ ದೂರಿಗೆ ಇನ್ನೊಂದು ಕಾರಣವೂ ಇರುತ್ತದೆ ಎಂದು ನನಗೆ ಗೊತ್ತಿತ್ತು. ಎಂಜಿನ್ನಿನಿಂದ ಹೊಗೆ ಹೊರಗೆ ಬರುವ ಕಡೆ ಬೀಡು ಕಬ್ಬಿಣದ ಕವಲು ಕೊಳವೆ ಇರುತ್ತದೆ. ಮ್ಯಾನಿಫೋಲ್ಡ್ ಎನ್ನುತ್ತೇವೆ. ಅದು ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಗೆ ಸೇರಿ ಸೆನ್ಸರನ್ನು ದಾರಿ ತಪ್ಪಿಸುತ್ತದೆ. ಅದೇ ಬಿರುಕಿನಿಂದ ಒಳಗಿನ ಹೊಗೆ ಹೊರಗೂ ಬರುತ್ತದೆ. ನೋಡಬೇಕೆಂದರೆ ಅದರ ಮೇಲಿನ ತಗಡಿನ ಕವಚ ತೆಗೆಯಬೇಕು. ಆ ಕವಚಕ್ಕೆ ನಾಲ್ಕು ಬೋಲ್ಟು. ಹದಿನೈದು ವರ್ಷದ ತುಕ್ಕು ಹಿಡಿದು ನಾಲ್ಕೂ ಕಬ್ಬಿಣದ ಜೊತೆ ಒಂದಾಗಿಹೋಗಿದ್ದವು. ಸ್ಪ್ಯಾನರ್ ಹಾಕಿದರೆ ಮುರಿಯುವುದು ಖಂಡಿತ. ಮುರಿದರೆ ಕೊರೆದು ತೆಗೆಯಬೇಕು. ಬಿಸಿಲಲ್ಲಿ, ಬಗ್ಗಿ ನಿಂತು, ನನ್ನ ಸೊಂಟನೋವು ಇಟ್ಟುಕೊಂಡು. ನಾನು ಒಂದು ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಅದು ಜರುಗದೆ ಇದ್ದಾಗ ವಾಪಸ್ ತೆಗೆದೆ. "ಅಲ್ಲಿ ಏನೂ ಇರಲಿಕ್ಕಿಲ್ಲ" ಎಂದು ನನಗೆ ನಾನೇ ಹೇಳಿಕೊಂಡೆ.

ಐದನೆಯ ಸಲ ಬಂದಾಗ ಉಪಾಧ್ಯರಿಗೆ ಸಂಕೋಚವಾಗಿತ್ತು. "ನಿನಗೆ ಉಪದ್ರ ಕೊಡ್ತಾ ಇದ್ದೇನೆ. ಆದರೆ ಇವಳು ಆ ದೀಪ ಕಂಡರೆ ಹೆದರ್ತಾಳೆ. ದಾರಿಯುದ್ದಕ್ಕೂ ಅದನ್ನೇ ನೋಡ್ತಾ ಕೂತುಕೊಳ್ತಾಳೆ" ಎಂದರು. ಅವರ ಸಂಕೋಚ ನೋಡಿ ನನಗೆ ಅವಮಾನವಾಯಿತು. ಇಷ್ಟು ವರ್ಷದ ಮೆಕ್ಯಾನಿಕ್ ಒಂದು ದೀಪ ಆರಿಸಲಾರನೇ ಎಂದು ಅವರು ಮನಸ್ಸಿನಲ್ಲಿ ಅಂದುಕೊಂಡಿರಬಹುದು ಎನಿಸಿತು. "ಗಾಡಿ ಬಿಟ್ಟು ಹೋಗಿ, ಸಂಜೆ ಕೊಡ್ತೇನೆ" ಎಂದೆ. ಅವರು ಹೋದ ಮೇಲೆ ಡ್ಯಾಶ್‌ಬೋರ್ಡ್ ಬಿಚ್ಚಿ ಆ ಏಜೆಂಟನ ಉಪಾಯ ಮಾಡಿದೆ. ಮುಕ್ಕಾಲು ಗಂಟೆಯ ಕೆಲಸ.

ಸಂಜೆ ಸುಮತಿಯಕ್ಕನೂ ಬಂದರು. ಕೀ ತಿರುಗಿಸಿ ತೋರಿಸಿದೆ. ದೀಪ ಹತ್ತಿತು, ಎಂಜಿನ್ ಶುರುವಾದಾಗ ಆರಿತು.

"ಏನಿತ್ತು ವಿಠಲಣ್ಣ?" ಎಂದು ಕೇಳಿದರು ಸುಮತಿಯಕ್ಕ.

"ವೈರಿಂಗಿನ ದೋಷ ಅಕ್ಕ. ಸರಿ ಮಾಡಿದ್ದೇನೆ."

"ಅಬ್ಬ, ಇನ್ನು ನೆಮ್ಮದಿ" ಎಂದು ಚೀಲದಿಂದ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿ ತೆಗೆದುಕೊಟ್ಟರು. ನಾನು ತೆಗೆದುಕೊಂಡೆ. ಆ ಉಪ್ಪಿನಕಾಯಿಯನ್ನು ತಿಂಗಳುಗಟ್ಟಲೆ ಗಂಜಿಯ ಜೊತೆ ಚಪ್ಪರಿಸಿಕೊಂಡು ತಿಂದೆ.

ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ವಾರಿಜ ಒಂದು ಸುದ್ದಿ ತಂದಳು. ಸುಮತಿಯಕ್ಕನಿಗೆ ತಲೆನೋವು ಶುರುವಾಗಿದೆಯಂತೆ. ಶನಿವಾರ ಕ್ಲಾಸಿಗೆ ಬಂದು ಕೂತರೆ ಹಣೆ ಒಡೆದುಹೋಗುವಂತೆ ನೋವು, ವಾಂತಿ ಬಂದ ಹಾಗಾಗುವುದು. ಡಾಕ್ಟರು ಮೈಗ್ರೇನ್ ಎಂದರು. ಕಣ್ಣು ಪರೀಕ್ಷೆ ಆಯಿತು, ತಲೆಯ ಸ್ಕ್ಯಾನಿಂಗ್ ಆಯಿತು. ಮೇಲಿನ ಸ್ವರಕ್ಕೆ ಹೋದಾಗಲೇ ನೋವು ಹೆಚ್ಚು ಎಂದು ಅವರಿಗೆ ಅನಿಸತೊಡಗಿತು. ಮತ್ತೂ ಕೆಲವು ತಿಂಗಳು ನೋವು ಸಹಿಸಿಕೊಂಡೇ ಬಂದರು. ಕಡೆಗೆ ಒಂದು ಶನಿವಾರ ಮಕ್ಕಳ ಮುಂದೆಯೇ ತಲೆ ಹಿಡಿದು ಕೂತು, "ಇನ್ನು ನನ್ನಿಂದ ಹಾಡ್ಲಿಕ್ಕೆ ಆಗುವುದಿಲ್ಲ, ನನ್ನ ಗಂಟಲಿಗೂ ತಲೆಗೂ ವಯಸ್ಸಾಯಿತು" ಎಂದು ಕ್ಲಾಸು ನಿಲ್ಲಿಸಿಬಿಟ್ಟರು. ಆ ದಿನ ವಾರಿಜ ಮನೆಗೆ ಬಂದು ಅತ್ತಳು. ನಾನು ಟಿವಿಯ ಸದ್ದು ತಗ್ಗಿಸಿ, "ವಯಸ್ಸಾದ ಮೇಲೆ ಹಾಗೆಯೇ" ಎಂದು ಸಮಾಧಾನ ಹೇಳಿದೆ. ಗಾಡಿಯ ನೆನಪು ನನಗೆ ಬರಲೇ ಇಲ್ಲ. ನಿಜವಾಗಿ ಬರಲಿಲ್ಲ. ಅದೂ ನಾಚಿಕೆಯ ವಿಷಯವೇ. ನನ್ನ ಕೈಯಿಂದ ಹೊರಗೆ ಹೋದ ಮೇಲೆ ಗಾಡಿಯೊಳಗೆ ಮನುಷ್ಯರು ಕೂರುತ್ತಾರೆ ಎಂಬುದೇ ಮರೆತಿತ್ತು.

ಅದಾಗಿ ಒಂದು ವರ್ಷದ ಮೇಲೆ, ಜುಲೈ ತಿಂಗಳಲ್ಲಿ, ಅವರಿಬ್ಬರೂ ಡೊಂಬಿವಲಿಯಲ್ಲಿ ಒಂದು ನಾಮಕರಣಕ್ಕೆಂದು ಹೊರಟರು. ಶಿಳ್‌ಫಾಟಾದಲ್ಲಿ ಟ್ರಾಫಿಕ್ಕು ಕಟ್ಟಿತು. ಆ ಜಾಗ ಬಲ್ಲವರಿಗೆ ಹೇಳಬೇಕಾಗಿಲ್ಲ. ಟ್ರಕ್ಕುಗಳ ನಡುವೆ ಒಂದು ಗಂಟೆ ಒಂದೇ ಕಡೆ ನಿಲ್ಲುವುದು ಅಲ್ಲಿ ಮಾಮೂಲು. ಉಪಾಧ್ಯರಿಗೆ ಯಾವಾಗಲೂ ತಮ್ಮ ಕಡೆಯ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಡುವ ಅಭ್ಯಾಸ. ಆ ದಿನ ಮಳೆ ಜೋರಾಗಿದ್ದುದರಿಂದ ಅದನ್ನೂ ಏರಿಸಿದ್ದರು. ಎಂಜಿನ್ ನಡೆಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಆ ಗಾಡಿಯಲ್ಲಿ ಹೊರಗಿನ ಗಾಳಿ ಒಳಗೆ ಬರುವ ದಾರಿ ಎಡಗಡೆ ಗಾಜಿನ ಬುಡದಲ್ಲಿ, ಅಂದರೆ ಸುಮತಿಯಕ್ಕ ಕೂರುವ ಕಡೆ.

ಸುಮತಿಯಕ್ಕ ತಲೆನೋವು ಎಂದರು, ಆಮೇಲೆ ನಿದ್ದೆ ಬರುತ್ತದೆ ಎಂದರು. ಸ್ವಲ್ಪ ಹೊತ್ತಿಗೆ ಕರೆದರೆ ಮಾತಾಡಲಿಲ್ಲ. ಉಪಾಧ್ಯರಿಗೂ ಕಣ್ಣು ಮಂಜಾಗುತ್ತಿತ್ತು. ಬಾಗಿಲು ತೆರೆದು ರಸ್ತೆಗೆ ಬಿದ್ದಂತೆ ಇಳಿದರು. ಪಕ್ಕದ ಟೆಂಪೋದ ಚಾಲಕ ಓಡಿಬಂದು ಸುಮತಿಯಕ್ಕನನ್ನು ಎತ್ತಿ ಹೊರಗೆ ಮಲಗಿಸಿದ. ಮಳೆಯಲ್ಲೇ ಅವರಿಗೆ ವಾಂತಿಯಾಯಿತು, ಉಸಿರು ಸಲೀಸಾಯಿತು. ಡೊಂಬಿವಲಿಯ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಈ ತಲೆನೋವು ಮನೆಯಲ್ಲಿ ಬರುತ್ತದೆಯೋ, ಕಾರಿನಲ್ಲಿ ಬರುತ್ತದೆಯೋ?" ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಹೊಗೆಯ ವಿಷ ಕಾಣಿಸಿತು. ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದರು.

ಉಪಾಧ್ಯರು ಫೋನು ಮಾಡಿದ್ದು ನನಗೆ. "ವಿಠಲ, ಗಾಡಿಯೊಳಗೆ ಹೊಗೆ ಬರುತ್ತದಂತೆ. ನೀನೇ ನೋಡು. ಬೇರೆಯವರ ಕೈಗೆ ಕೊಡಲು ಧೈರ್ಯ ಇಲ್ಲ" ಎಂದರು.

ಗಾಡಿಯನ್ನು ಎಳೆದುತಂದು ಗ್ಯಾರೇಜಿನಲ್ಲಿ ನಿಲ್ಲಿಸಿದೆ. ಕವಚದ ನಾಲ್ಕು ಬೋಲ್ಟಿಗೆ ಕೈ ಹಾಕಿದೆ. ಎರಡು ಮುರಿದವು, ಎರಡು ಬಂದವು. ತಗಡು ತೆಗೆದಾಗ ಬೆರಳುದ್ದದ ಬಿರುಕು, ಅದರ ಸುತ್ತ ಕಾಡಿಗೆ ಬಳಿದಂತೆ ಮಸಿ. ಒಂದು ದಿನದ, ಒಂದು ತಿಂಗಳ ಮಸಿಯಲ್ಲ ಅದು. ಬೆರಳಿಟ್ಟರೆ ಪದರಪದರವಾಗಿ ಉದುರಿತು. ನಾನು ಸ್ಟೂಲಿನ ಮೇಲೆ ಕೂತೆ.

ಮನುಷ್ಯನಿಗೆ ಆಗಲಾದರೂ ಬುದ್ಧಿ ಬರಬೇಕಿತ್ತು. ನಾನು ಎದ್ದು ಮಾಡಿದ ಮೊದಲ ಕೆಲಸ ಏನೆಂದರೆ, ಡ್ಯಾಶ್‌ಬೋರ್ಡ್ ಬಿಚ್ಚಿ ಹಳದಿ ದೀಪದ ವೈರನ್ನು ಮೊದಲಿನಂತೆ ಜೋಡಿಸಿದ್ದು. ನನ್ನ ಬೆಸುಗೆಯ ಗುರುತು ಯಾರಿಗೂ ಕಾಣದಂತೆ ಅಳಿಸಿದ್ದು. ಆಮೇಲೆ ಆಸ್ಪತ್ರೆಗೆ ಹೋಗಿ, "ಬೀಡಿನ ಕೊಳವೆ ಹಳೆಯದಾಗಿ ಬಿರುಕು ಬಿಟ್ಟಿದೆ ಉಪಾಧ್ಯರೇ. ಹಳೆಯ ಗಾಡಿಯಲ್ಲಿ ಆಗ್ತದೆ" ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, "ನೀನು ಇದ್ದೀಯಲ್ಲ, ಪುಣ್ಯ" ಎಂದರು.

ಆರು ವಾರ ಸುಮ್ಮನಿದ್ದೆ. ಸುಮತಿಯಕ್ಕ ಗುಣವಾಗಿ ಮನೆಗೆ ಹೋದರು. ತಲೆನೋವು ಮತ್ತೆ ಬರಲಿಲ್ಲ. ಒಂದು ಸಂಜೆ ಅವರು ವಾರಿಜಳಿಗೆ ಫೋನು ಮಾಡಿದರು. ಮಾತು ಮುಗಿಸಿ ಬಂದ ವಾರಿಜ ಹೇಳಿದಳು, "ಅಕ್ಕ ಕೇಳ್ತಿದ್ದರು, ಆ ದೀಪ ಆರಿದ ಮೇಲೆಯೇ ಅಲ್ಲವಾ ತಲೆನೋವು ಶುರುವಾದದ್ದು ಎಂದು. ದೀಪ ಆರಿದರೆ ಗಾಡಿ ಸರಿಯಾಯಿತು ಎಂದಲ್ಲವಾ? ನೀವು ಏನು ಸರಿ ಮಾಡಿದ್ದು ಆಗ?"

ನಾನು ಏನೋ ಗೊಣಗಿದೆ. ಅವಳು ಎದುರಿಗೆ ಕೂತಳು. ಇಷ್ಟು ವರ್ಷ ಬಾಳಿದವಳಿಗೆ ನನ್ನ ಗೊಣಗಾಟದ ಅರ್ಥ ಗೊತ್ತಾಗದೆ ಇರುತ್ತದೆಯೇ? ಹೇಳಿಬಿಟ್ಟೆ. ಬೋಲ್ಟು, ವೈರು, ಆಸ್ಪತ್ರೆಯಲ್ಲಿ ಆಡಿದ ಮಾತು, ಎಲ್ಲ. ಅವಳು ಬಯ್ಯಲಿಲ್ಲ. "ನೀವು ಹೇಳ್ತೀರೋ, ನಾನು ಹೇಳಲೋ?" ಎಂದಳು.

ಮಾರನೆಯ ದಿನ ಬೆಳಿಗ್ಗೆ ಠಾಣೆಯಲ್ಲಿ ರೈಲು ಬದಲಿಸಿ ಐರೋಲಿಗೆ ಹೋದೆ. ಒಬ್ಬನೇ ಹೋದೆ. ಸುಮತಿಯಕ್ಕ ಬಾಗಿಲು ತೆರೆದು, "ಬನ್ನಿ ವಿಠಲಣ್ಣ, ಕಾಫಿ ಮಾಡ್ತೇನೆ" ಎಂದರು. ಬೇಡ ಅಕ್ಕ, ಮೊದಲು ಕೂತುಕೊಳ್ಳಿ ಎಂದೆ. ಉಪಾಧ್ಯರು ಪೇಪರ್ ಮಡಚಿದರು. ನಿಂತುಕೊಂಡೇ ಹೇಳಿದೆ. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ಬರಲಿಲ್ಲ. ಗಾಡಿಯ ಭಾಗಗಳ ಹೆಸರನ್ನಷ್ಟೇ ಹೇಳುತ್ತಾ ಹೋದೆ.

ಉಪಾಧ್ಯರ ಮುಖ ಬಿಳಿಚಿಕೊಂಡಿತು. "ನಾನು ನಿನ್ನ ಕೈ ಹಿಡಿದುಕೊಂಡೆ ಮಾರಾಯ, ಆಸ್ಪತ್ರೆಯಲ್ಲಿ" ಎಂದರು. ಅಷ್ಟು ಹೇಳಿ ಎದ್ದು ಬಾಲ್ಕನಿಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತರು.

ಸುಮತಿಯಕ್ಕ ನನ್ನನ್ನೇ ನೋಡುತ್ತಿದ್ದರು. "ಆ ನಾಲ್ಕು ಬೋಲ್ಟು ಬಿಚ್ಚಲಿಕ್ಕೆ ಎಷ್ಟು ಹೊತ್ತು ಬೇಕು?"

"ಮುರಿದರೂ ಅರ್ಧ ದಿನ ಅಕ್ಕ."

"ಅರ್ಧ ದಿನ" ಎಂದರು ಅವರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ನಾನು ನನ್ನ ಸ್ವರವನ್ನು ದೂರಿದೆ. ಮಕ್ಕಳನ್ನು ಬೇರೆ ಕಡೆ ಹೋಗಿ ಎಂದು ಕಳಿಸಿದೆ. ತಂಬೂರಿಯನ್ನು ಯಾರಿಗೋ ಕೊಟ್ಟುಬಿಟ್ಟೆ. ಈಗ ತಲೆನೋವಿಲ್ಲ, ಆದರೆ ಹಾಡಲು ಕೂತರೆ ಒಳಗೆ ಹೆದರಿಕೆ, ಈಗ ಬರ್ತದೋ ಏನೋ ಎಂದು. ಅದನ್ನು ನೀವು ಸರಿ ಮಾಡಲಿಕ್ಕಾಗುವುದಿಲ್ಲ."

"ಆಗುವುದಿಲ್ಲ ಅಕ್ಕ."

ಬಾಲ್ಕನಿಯಿಂದ ಉಪಾಧ್ಯರು, ತಿರುಗದೆಯೇ ಕೇಳಿದರು: "ನಮ್ಮದೊಂದೇ ಗಾಡಿಗಾ ಹೀಗೆ ಮಾಡಿದ್ದು?"

ಸುಳ್ಳು ಹೇಳಲು ಅದೇ ಕಡೆಯ ಅವಕಾಶ. "ಅಲ್ಲ. ಇದೂ ಸೇರಿ ಏಳು" ಎಂದೆ.

ಸುಮತಿಯಕ್ಕ ಎದ್ದು ನಿಂತರು. "ಏಳು? ಮತ್ತೆ ಇಲ್ಲಿ ಯಾಕೆ ನಿಂತಿದ್ದೀರಿ ವಿಠಲಣ್ಣ? ಹೋಗಿ ಅವರನ್ನು ಹುಡುಕಿ" ಎಂದರು.

ಆ ವಾರವೇ ಹೊಸ ಕೆಲಸ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ. ಹಳೆಯ ಫೋನ್ ನಂಬರುಗಳನ್ನು ಹಿಡಿದು ಹುಡುಕಿದೆ. ಕಲ್ಯಾಣದ ಒಂದು ಗಾಡಿ ಗುಜರಿಗೆ ಹೋಗಿತ್ತು. ಸಾನಪಾಡಾದಲ್ಲಿ ಹೋಟೆಲು ನಡೆಸುವ ನಮ್ಮ ಕಡೆಯ ಶೆಟ್ಟರೊಬ್ಬರು ತರಕಾರಿ ತರಲು ಅಂಥ ಇನ್ನೊಂದು ಗಾಡಿಯನ್ನು ಓಡಿಸುತ್ತಿದ್ದರು. ವಿಷಯ ಕೇಳಿ, "ಇಷ್ಟು ದಿನ ನಡೆದಿದೆ, ಬಿಡಿ ಮಾರಾಯ್ರೆ" ಎಂದು ನಕ್ಕರು. ನಾನು ಕೀ ಕೇಳಿ ತೆಗೆದುಕೊಂಡು, ಅಲ್ಲಿಯೇ ರಸ್ತೆಬದಿಯಲ್ಲಿ ಬಿಚ್ಚಿ ಸರಿ ಮಾಡಿದೆ. ದೀಪ ಹತ್ತಿದ ಮೇಲೆ ನೋಡಿದರೆ, ಒಂದು ಸ್ಪಾರ್ಕ್ ಕಾಯಿಲ್ ಸತ್ತುಹೋಗಿ ಪೆಟ್ರೋಲ್ ಸರಿಯಾಗಿ ಉರಿಯದೆ ಸೈಲೆನ್ಸರಿಗೆ ಹೋಗುತ್ತಿತ್ತು. ಕಲ್ಯಾಣದ ಒಬ್ಬ ಶಾಲಾ ಶಿಕ್ಷಕರು ಕೇಳಿಸಿಕೊಂಡು, ಇನ್ನು ಮೇಲೆ ನಮ್ಮ ಮೆಟ್ಟಿಲು ಹತ್ತಬೇಡ ಎಂದರು. ಗಾಡಿಯನ್ನು ಬೇರೆ ಮೆಕ್ಯಾನಿಕನಿಗೆ ತೋರಿಸಿದರು. ಅದು ಸರಿಯಾದದ್ದೇ. ನಾಲ್ಕನೆಯ ಗಾಡಿಯ ಮಾಲಕಿ, ಠಾಣೆಯ ಒಬ್ಬ ನರ್ಸು, ಪೂರ್ತಿ ಕೇಳಿ, "ಆಪ್ ಆಯೇ ತೋ ಸಹೀ" ಎಂದಳು, ಬಂದು ಹೇಳಿದಿರಲ್ಲ, ಅಷ್ಟೇ ಸಾಕು ಎಂಬಂತೆ. ಅವಳ ಮಾತು ನನಗೆ ಶಿಕ್ಷಕರ ಮಾತಿಗಿಂತ ಹೆಚ್ಚು ಚುಚ್ಚಿತು.

ಎರಡು ಗಾಡಿಗಳು ಸಿಗಲಿಲ್ಲ. ಶಹಾಡಿನ ಆ ಏಜೆಂಟ್ ಮಾರಿದವು. ಕೈಯಿಂದ ಕೈಗೆ ಹೋಗಿದ್ದವು. ಅವನು ಗಾಡಿಗಳ ನಂಬರ್ ಹೇಳಿದ, ಈಗಿನ ಮಾಲೀಕರ ವಿಳಾಸ ಗೊತ್ತಿಲ್ಲ ಎಂದ. ಆರ್‌ಟಿಓ ಕಚೇರಿಯಲ್ಲಿ, ನಿಮಗೂ ಆ ಗಾಡಿಗೂ ಏನು ಸಂಬಂಧ ಎಂದು ಕೇಳಿದರು. ಹೇಳಿದೆ. ಗುಮಾಸ್ತ ಪಕ್ಕದವನ ಕಡೆ ನೋಡಿ ನಕ್ಕು, ಮಾಲೀಕರ ವಿಳಾಸ ಹಾಗೆಲ್ಲ ಕೊಡುವಂತಿಲ್ಲ ಎಂದ. ಗ್ಯಾರೇಜು ಮುಚ್ಚಿದೆ. ಜನ ಸೊಂಟನೋವಿನಿಂದ ನಿವೃತ್ತನಾದ ಎಂದುಕೊಂಡಿದ್ದಾರೆ.

ಸುಮತಿಯಕ್ಕ ಈಗ ಐರೋಲಿಯ ಮನೆಯಲ್ಲೇ ನಾಲ್ಕೈದು ಜನರಿಗೆ ಕಲಿಸುತ್ತಾರೆ. ವಾರಿಜ ರೈಲಿನಲ್ಲಿ ಹೋಗಿಬರುತ್ತಾಳೆ. ಮೇಲಿನ ಸ್ವರಗಳನ್ನು ಅವರು ಶಿಷ್ಯರಿಗೇ ಬಿಡುತ್ತಾರಂತೆ. ಪ್ರತಿ ಸಲವೂ ವಾರಿಜಳನ್ನು ಕೇಳುತ್ತಾರಂತೆ, "ಆ ಎರಡು ಸಿಕ್ಕಿದವಾ?"

ಹೋದ ತಿಂಗಳು ಸಾನಪಾಡಾದ ಸಿಗ್ನಲಿನಲ್ಲಿ ರಸ್ತೆ ದಾಟುತ್ತಿದ್ದೆ. ಎದುರಿಗೆ ನಿಂತ ಕಾರಿನ ನಂಬರ್ ನೋಡಿದೆ. ಆ ಎರಡರಲ್ಲಿ ಒಂದು. ಬಣ್ಣ ಬದಲಾಗಿತ್ತು, ನಂಬರ್ ಅದೇ. ಸ್ಟಿಯರಿಂಗ್ ಹಿಡಿದವನಿಗೆ ಮೂವತ್ತು ಇರಬಹುದು. ಪಕ್ಕದಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ಮಲಗಿದ ಮಗು. ನಾನು ಓಡಿಹೋಗಿ ಕಿಟಕಿ ತಟ್ಟಿದೆ. ಅವನು ಗಾಜು ಸ್ವಲ್ಪ ಇಳಿಸಿದ.

"ನಿಮ್ಮ ಗಾಡಿಯ ಎಂಜಿನ್ ಲೈಟ್ ಸುಳ್ಳು ಹೇಳ್ತದೆ. ವೈರ್ ತಪ್ಪಿದೆ. ಯಾರಿಗಾದರೂ ತೋರಿಸಿ" ಎಂದು ಹಿಂದಿಯಲ್ಲಿ ಹೇಳಿದೆ. ಏದುಸಿರಿನಲ್ಲಿ ಮಾತು ತೊದಲುತ್ತಿತ್ತು.

"ಆಪ್‌ಕೋ ಕೈಸೇ ಪತಾ?" ನಿಮಗೆ ಹೇಗೆ ಗೊತ್ತು ಎಂದ.

"ಮೈನೇ ಹೀ ಕಿಯಾ ಥಾ." ನಾನೇ ಮಾಡಿದ್ದು ಎಂದೆ.

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಸಿಗ್ನಲಿನಲ್ಲಿ ಇಂಥ ಮೋಸಗಳು ನಡೆಯುತ್ತವೆ. ಗಾಡಿ ಕೆಟ್ಟಿದೆ ಎಂದು ಹೆದರಿಸಿ ಪಕ್ಕಕ್ಕೆ ಕರೆದೊಯ್ಯುವವರು ಇದ್ದಾರೆ. ಹೆಂಡತಿ ಏನೋ ಪಿಸುಗುಟ್ಟಿದಳು. "ಚಲೋ ಅಂಕಲ್, ಆಗೇ ಬಢೋ" ಎಂದು ಅವನು ಮುಂದೆ ಹೋಗುವಂತೆ ಕೈ ಬೀಸಿದ. ನಾನು ಕಿಟಕಿಯ ಅಂಚು ಹಿಡಿದುಕೊಂಡು, ಕಿಟಕಿಯನ್ನಾದರೂ ತೆರೆದಿಡಿ, ಮಗು ಇದೆ ಎಂದೆ. ಹಸಿರು ದೀಪ ಬಂತು. ಹಿಂದಿನವರು ಹಾರ್ನ್ ಹೊಡೆದರು. ನಾನು ಬೆರಳು ತೆಗೆಯುವವರೆಗೆ ಕಾದು, ಅವನು ಗಾಜನ್ನು ಪೂರ್ತಿ ಏರಿಸಿಕೊಂಡು ಹೊರಟುಹೋದ.